ಹಿತ್ತಲಿನಲ್ಲಿ ಎಷ್ಟು ಒಲೆಗಳಿರಬೇಕು?

ಹೋದ ಸಂಚಿಕೆಯಲ್ಲಿ, ಟೆಕ್ಸಸ್‌ನ ಮಧ್ಯಭಾಗದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಐದು ಗ್ರಿಲ್‌ಗಳು ಹೇಗೆ ಒಂದೊಂದಾಗಿ ಬಂದು ಸೇರಿದವು ಎಂಬುದನ್ನು ಬರೆದಿದ್ದೆ. ಅದನ್ನು ಓದಿದವರಿಂದ ನಾನು ಎಣಿಸಿದ್ದಕ್ಕಿಂತ ಹೆಚ್ಚು ಪತ್ರಗಳು ಬಂದಿವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರದ್ದೇ ಹೆಚ್ಚು. ಬೆಂಗಳೂರಿನಿಂದಲೂ ಒಂದು ಬಂದಿದೆ. ಹಲವರು ಒಂದೇ ವಿಷಯವನ್ನು ಕೇಳಿರುವುದರಿಂದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಒಂದು ಗ್ಯಾಸ್ ಗ್ರಿಲ್ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಹೋದ ವರ್ಷ ನನ್ನ ಪತಿ ಇದ್ದಿಲಿನ ಕೆಟಲ್, ಅಂದರೆ ಮುಚ್ಚಳವಿರುವ ದುಂಡು ಗ್ರಿಲ್ ಒಂದನ್ನು ತಂದರು. ಈಗ ಮೊಟ್ಟೆಯ ಆಕಾರದ ಸೆರಾಮಿಕ್ ಗ್ರಿಲ್ ಬೇಕೆನ್ನುತ್ತಿದ್ದಾರೆ. ಇದು ಅಗತ್ಯವೋ, ಹುಚ್ಚೋ, ನೀವೇ ಹೇಳಿ. (ಡಲ್ಲಾಸ್ ಸಮೀಪದ ಓದುಗರು)

ಉತ್ತರ: ತೀರ್ಪು ಕೊಡುವ ಮೊದಲು ನಿಮ್ಮ ಅಜ್ಜಿಯ ಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅಡುಗೆಮನೆಯಲ್ಲಿ ದೊಡ್ಡ ಒಲೆ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಹಾಲು ಮತ್ತು ಸಾರನ್ನು ಬಿಸಿಯಾಗಿಡುವ ಕೋಡೊಲೆ, ಬಚ್ಚಲಿನಲ್ಲಿ ಹಂಡೆಯ ಒಲೆ, ಮದುವೆ ಮುಂಜಿಗಳಿಗೆ ಅಂಗಳದಲ್ಲಿ ತೋಡುವ ಕೋಡಿ ಒಲೆ, ಬಾಣಂತಿಯ ಕೋಣೆಗೆ ಕೆಂಡ ತುಂಬಿಸಿಡುವ ಅಗ್ಗಿಷ್ಟಿಕೆ. ಇಷ್ಟನ್ನೂ ಕಂಡು ಯಾರೂ ಆ ಮನೆಯವರಿಗೆ ಒಲೆಯ ಹುಚ್ಚು ಎನ್ನಲಿಲ್ಲ. ಏಕೆಂದರೆ ಒಂದು ಒಲೆ ಮಾಡುವ ಕೆಲಸವನ್ನು ಇನ್ನೊಂದು ಮಾಡುತ್ತಿರಲಿಲ್ಲ. ಹಿತ್ತಲಿನ ಗ್ರಿಲ್‌ಗಳನ್ನೂ ನಾನು ಇದೇ ಅಳತೆಗೋಲಿನಿಂದ ನೋಡುತ್ತೇನೆ. ಹೊಸದಾಗಿ ಬರುವ ಗ್ರಿಲ್ ಈಗಿರುವ ಗ್ರಿಲ್‌ಗೆ ಸಾಧ್ಯವಾಗದ ಕೆಲಸವನ್ನು ಮಾಡಿಕೊಡುವುದಾದರೆ ಅದಕ್ಕೆ ಹಿತ್ತಲಿನಲ್ಲಿ ಸ್ಥಳವುಂಟು.

ಗ್ಯಾಸ್ ಗ್ರಿಲ್‌ನ ಗುಣ ಅದರ ವೇಗ. ಕೆಲಸದಿಂದ ಮನೆಗೆ ಬಂದು ಗುಂಡಿ ತಿರುಗಿಸಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ಕಂಬಿ ಕಾದಿರುತ್ತದೆ, ಉರಿಯನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಆದರೆ ಪ್ರೊಪೇನ್ ಉರಿದಾಗ ನೀರಿನ ಆವಿಯೂ ಹುಟ್ಟುವುದರಿಂದ ಆ ಕಾವಿನಲ್ಲಿ ಸ್ವಲ್ಪ ತೇವವಿರುತ್ತದೆ, ಮತ್ತು ಅನಿಲಕ್ಕೆ ತನ್ನದೇ ಆದ ಪರಿಮಳವಿಲ್ಲ. ನಿಗಿನಿಗಿ ಕೆಂಡದ ಕಾವು ಒಣಕಾವು. ಅದು ಕಿರಣಗಳಾಗಿ ಬಂದು ಆಹಾರದ ಮೇಲ್ಮೈಯನ್ನು ನೇರವಾಗಿ ಮುಟ್ಟುತ್ತದೆ. ರಸ ಮತ್ತು ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಆಹಾರಕ್ಕೇ ಮೆತ್ತಿಕೊಳ್ಳುತ್ತದೆ. ಗ್ಯಾಸ್ ಇದ್ದೂ ಕೆಟಲ್ ಬೇಕೆನಿಸುವುದು ಈ ರುಚಿಯ ಆಸೆಯಿಂದ, ಆ ಆಸೆ ಸಹಜವಾದದ್ದು.

ಕೆಟಲ್‌ನ ಹುಟ್ಟಿನ ಕಥೆಯನ್ನು ನಾನು ಬಹಳ ಇಷ್ಟಪಡುತ್ತೇನೆ. ಷಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬುವರಿಗೆ ಅಂದಿನ ತೆರೆದ ಗ್ರಿಲ್‌ಗಳು ಗಾಳಿಗೂ ಮಳೆಗೂ ಸೋಲುವುದನ್ನು ನೋಡಿ ಬೇಸರವಾಗಿತ್ತು. ದೋಣಿಗಳಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳಗಳು ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1952ರಲ್ಲಿ ಅಂಥ ಒಂದು ಗೋಳವನ್ನು ಎರಡಾಗಿ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಕಾಲುಗಳನ್ನೂ ಮೇಲಿನ ಅರ್ಧಕ್ಕೆ ಹಿಡಿಯನ್ನೂ ಜೋಡಿಸಿ, ಗಾಳಿಗೆ ಕಿಂಡಿಗಳನ್ನು ಕೊರೆದರು. ಕಿಂಡಿ ತೆರೆದರೆ ಕೆಂಡ ಚುರುಕಾಗುತ್ತದೆ, ಅರ್ಧ ಮುಚ್ಚಿದರೆ ತಣಿಯುತ್ತದೆ, ಪೂರ್ತಿ ಮುಚ್ಚಿದರೆ ಆರುತ್ತದೆ, ಉಳಿದ ಇದ್ದಿಲು ಮರುದಿನಕ್ಕೆ ದಕ್ಕುತ್ತದೆ. ಎಪ್ಪತ್ತು ವರ್ಷಗಳು ಕಳೆದರೂ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ.

ಇನ್ನು ನಿಮ್ಮ ಪತಿ ಕೇಳುತ್ತಿರುವ ಮೊಟ್ಟೆಯಾಕಾರದ ಗ್ರಿಲ್, ಅಂದರೆ ಕಮಾಡೊ. ಇದರ ಮೂಲ ಜಪಾನಿನ ಮಣ್ಣಿನ ಒಲೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಅದನ್ನು ಇಲ್ಲಿಗೆ ತಂದರು, ಮತ್ತು 1974ರಲ್ಲಿ ಅಟ್ಲಾಂಟಾದಲ್ಲಿ ಎಡ್ ಫಿಶರ್ ಅವರು ಆರಂಭಿಸಿದ ಬಿಗ್ ಗ್ರೀನ್ ಎಗ್ ಕಂಪನಿ ಅದನ್ನು ಮನೆಮಾತಾಗಿಸಿತು. ದಪ್ಪ ಸೆರಾಮಿಕ್ ಗೋಡೆ ಕಾವನ್ನು ಹಿಡಿದಿಡುವುದರಿಂದ, ಒಮ್ಮೆ ತುಂಬಿದ ಇದ್ದಿಲಿನಲ್ಲಿ 225 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್ ಕಾವನ್ನು ಹನ್ನೆರಡು ಗಂಟೆಗಳಿಗೂ ಹೆಚ್ಚು ಕಾಲ ಉಳಿಸಿಕೊಳ್ಳಬಲ್ಲದು. ಕಿಂಡಿಗಳನ್ನು ಪೂರ್ತಿ ತೆರೆದರೆ ಅದೇ ಒಲೆ 700 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಕಲ್ಲಿನ ಮೇಲೆ ಹಾಕಿದ ನಾನ್ ಎರಡು ಮೂರು ನಿಮಿಷಗಳಲ್ಲಿ ಉಬ್ಬಿ ಕಂದುಚುಕ್ಕೆ ಬೀಳುವಂತೆ ಮಾಡುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ರಾತ್ರಿಯಿಡೀ ನಿಧಾನವಾಗಿ ಬೇಯಿಸುವ ಅಡುಗೆಯ ಅಥವಾ ಮನೆಯಲ್ಲೇ ನಾನ್ ಮಾಡುವ ಉತ್ಸಾಹ ನಿಜವಾಗಿ ಇದ್ದರೆ ಅದು ಬರಲಿ. ಆದರೆ ಈಗಿರುವ ಕೆಟಲ್ ತಿಂಗಳಿಗೆ ಒಮ್ಮೆ ಮಾತ್ರ ಹೊತ್ತುತ್ತಿದ್ದರೆ ಇನ್ನೊಂದು ವರ್ಷ ಕಾಯಲು ಹೇಳಿ. ಕೆಟಲ್‌ನ ಕಿಂಡಿಗಳನ್ನು ಅರಿತವರ ಕೈಯಲ್ಲಿ ಮಾತ್ರ ಕಮಾಡೊ ತನ್ನ ಪೂರ್ಣ ಗುಣವನ್ನು ತೋರಿಸುತ್ತದೆ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಕಮಾಡೊ ತೀವ್ರವಾಗಿ ಕಾದಿರುವಾಗ ಮುಚ್ಚಳವನ್ನು ಒಮ್ಮೆಗೇ ಎತ್ತಬಾರದು. ಒಳಗೆ ಗಾಳಿಗಾಗಿ ಹಸಿದಿರುವ ಬೆಂಕಿ ಹೊರಗಿನ ಗಾಳಿ ನುಗ್ಗಿದೊಡನೆ ಭಗ್ಗೆಂದು ಮುಖಕ್ಕೆ ಬರುತ್ತದೆ. ಮೊದಲು ಎರಡು ಬೆರಳಿನಷ್ಟು ಎತ್ತಿ, ಕೆಲವು ಕ್ಷಣ ಉಸಿರಾಡಲು ಬಿಟ್ಟು, ಆಮೇಲೆ ಪೂರ್ತಿ ತೆರೆಯಬೇಕು. ಮೊದಲ ವರ್ಷ ನಾನು ಇದನ್ನು ಮರೆತು ಒಂದು ಕೈಯ ರೋಮವನ್ನೆಲ್ಲ ಸುಟ್ಟುಕೊಂಡಿದ್ದೇನೆ.

ಪ್ರಶ್ನೆ: ಜುಲೈ ನಾಲ್ಕರಂದು ನಮ್ಮ ಮನೆಗೆ ಹತ್ತು ಕನ್ನಡ ಕುಟುಂಬಗಳು ಬರುತ್ತವೆ. ಅವರಲ್ಲಿ ಅರ್ಧದಷ್ಟು ಸಸ್ಯಾಹಾರಿಗಳು. ಕಂಬಿಯ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ ತರಕಾರಿ ಬೇಯಿಸಿದರೆ ಸಾಕೆ? ಅವರಿಗೆ ಏನೇನು ಬೇಯಿಸಬಹುದು? (ನ್ಯೂಜೆರ್ಸಿಯ ಓದುಗರು)

ಉತ್ತರ: ಸಾಲದು ಎಂದೇ ನನ್ನ ಅಭಿಪ್ರಾಯ. ಹಾಳೆಯು ಕಂಬಿಯನ್ನು ಮರೆಮಾಡುತ್ತದೆ ನಿಜ, ಆದರೆ ಮುಚ್ಚಳದ ಒಳಮೈಯಲ್ಲಿ ವರ್ಷಗಳಿಂದ ಕಟ್ಟಿಕೊಂಡ ಕೊಬ್ಬಿನ ಕಾಡಿಗೆಯನ್ನು ಅದು ಮರೆಮಾಡಲಾರದು. ಮುಚ್ಚಿ ಬೇಯಿಸಿದಾಗ ಆ ವಾಸನೆ ಪನೀರಿಗೂ ಮೆಕ್ಕೆಜೋಳಕ್ಕೂ ಹತ್ತುತ್ತದೆ. ಸಸ್ಯಾಹಾರವನ್ನೇ ನಂಬಿ ಬಾಳಿದ ಹಿರಿಯರೊಬ್ಬರು ತಟ್ಟೆಯನ್ನು ಮೂಗಿನ ಹತ್ತಿರ ತಂದು, ಏನೂ ಹೇಳದೆ ಮೆಲ್ಲಗೆ ಬದಿಗಿಟ್ಟದ್ದನ್ನು ನಾನು ನಮ್ಮ ಹಿತ್ತಲಿನಲ್ಲೇ ಕಂಡಿದ್ದೇನೆ. ಅಂದು ಅವರು ಮೊಸರನ್ನವನ್ನಷ್ಟೇ ಉಂಡು ಹೋದರು. ಆ ವಾರವೇ ನಾನು ನನ್ನ ಎರಡನೆಯ ಕೆಟಲ್ ಅನ್ನು ತಂದದ್ದು, ಮತ್ತು ಇಂದಿನವರೆಗೆ ಅದಕ್ಕೆ ಮಾಂಸದ ಸೋಂಕಿಲ್ಲ. ಒಂದಕ್ಕಿಂತ ಹೆಚ್ಚು ಗ್ರಿಲ್ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ತಿಳಿಯದು.

ಎರಡು ಗ್ರಿಲ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಕ್ಕಳ, ಕುಂಚ, ತಟ್ಟೆ, ಕತ್ತರಿಸುವ ಹಲಗೆ ಇವೆಲ್ಲವೂ ಜೋಡಿಯಾಗಿರಬೇಕು, ಬಣ್ಣದಿಂದ ಗುರುತು ಹಿಡಿಯುವಂತಿರಬೇಕು. ನಮ್ಮಲ್ಲಿ ಹಸಿರು ಹಿಡಿಯದು ತರಕಾರಿಗೆ, ಕೆಂಪು ಹಿಡಿಯದು ಮಾಂಸಕ್ಕೆ. ಗಾಳಿ ಬೀಸುವ ದಿಕ್ಕನ್ನು ನೋಡಿ ಸಸ್ಯಾಹಾರದ ಗ್ರಿಲ್ ಅನ್ನು ಗಾಳಿಯ ಮೇಲ್ಬದಿಗೆ ಇಡಿ, ಆಗ ಒಂದರ ಹೊಗೆ ಇನ್ನೊಂದಕ್ಕೆ ಹೋಗುವುದಿಲ್ಲ. ಉದ್ಯಾನದಲ್ಲಿ ಕೂಟ ಸೇರುವವರು ಅಲ್ಲಿನ ಸಾರ್ವಜನಿಕ ಗ್ರಿಲ್ ಅನ್ನು ಮಾಂಸಕ್ಕೆ ಬಿಟ್ಟು, ಮಡಚಿ ಒಯ್ಯಬಹುದಾದ ಚಿಕ್ಕ ಗ್ರಿಲ್ ಒಂದನ್ನು ಮನೆಯಿಂದ ತಂದರೆ ಎಲ್ಲರಿಗೂ ನೆಮ್ಮದಿ.

ಏನು ಬೇಯಿಸಬೇಕೆಂದೂ ಕೇಳಿದ್ದೀರಿ. ಪನೀರ್ ಗ್ರಿಲ್‌ಗೆಂದೇ ಹುಟ್ಟಿದಂತಿದೆ. ಹಾಲನ್ನು ಹುಳಿ ಹಿಂಡಿ ಒಡೆಸಿ ಮಾಡಿದ್ದಾದ್ದರಿಂದ ಅದು ಮೊಜರೆಲ್ಲಾದಂತೆ ಕರಗಿ ಇಳಿಯುವುದಿಲ್ಲ. ಅಂಗುಲ ದಪ್ಪದ ತುಂಡುಗಳನ್ನು ಗಟ್ಟಿ ಮೊಸರು, ಅರಿಸಿನ, ಖಾರದಪುಡಿ, ಸಾಸಿವೆ ಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಕಂಬಿಗೆ ಚೆನ್ನಾಗಿ ಎಣ್ಣೆ ಸವರಿ ಹಾಕಿ, ತಾನಾಗಿ ಬಿಡಿಸಿಕೊಳ್ಳುವವರೆಗೂ ಮುಟ್ಟಬೇಡಿ. ಮೆಕ್ಕೆಜೋಳವನ್ನು ಸಿಪ್ಪೆಯೊಡನೆ ಹದಿನೈದು ನಿಮಿಷ ಬೇಯಿಸಿ, ಆಮೇಲೆ ಸಿಪ್ಪೆ ಸುಲಿದು ಕೆಂಡಕ್ಕೆ ಒಡ್ಡಿದರೆ ಒಳಗೆ ರಸ ಉಳಿದು ಹೊರಗೆ ಸುಟ್ಟ ರುಚಿ ಬರುತ್ತದೆ. ಅನಾನಸಿನ ಹೋಳುಗಳನ್ನು ಕೊನೆಯಲ್ಲಿ ಹಾಕಿ. ಮಕ್ಕಳು ಐಸ್‌ಕ್ರೀಮ್ ಮರೆಯುತ್ತಾರೆ.

ಪ್ರಶ್ನೆ: ಚಿಕನ್ ಹೊರಗೆ ಕರಕಲಾಗುತ್ತದೆ, ಒಳಗೆ ಮೂಳೆಯ ಬಳಿ ಹಸಿಯಾಗಿರುತ್ತದೆ. ಗ್ರಿಲ್ ಬದಲಿಸಬೇಕೆ? (ಫೀನಿಕ್ಸ್‌ನ ಓದುಗರು)

ಉತ್ತರ: ಗ್ರಿಲ್ ಬದಲಿಸಬೇಡಿ, ಕೆಂಡದ ಜಾಗ ಬದಲಿಸಿ. ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟಿ ಇನ್ನೊಂದು ಬದಿಯನ್ನು ಖಾಲಿ ಬಿಡಿ. ತೊಡೆ ಮತ್ತು ಕಾಲಿನ ತುಂಡುಗಳನ್ನು ಖಾಲಿ ಬದಿಯ ಮೇಲೆ ಇಟ್ಟು, ಮುಚ್ಚಳ ಹಾಕಿ, ಮುಚ್ಚಳದ ಕಿಂಡಿ ಚಿಕನ್‌ನ ನೇರಕ್ಕೆ ಬರುವಂತೆ ತಿರುಗಿಸಿ. ಬಿಸಿಗಾಳಿ ಕೆಂಡದ ಕಡೆಯಿಂದ ಹೊರಟು ಚಿಕನ್ ಮೇಲೆ ಹಾದು ಕಿಂಡಿಯಿಂದ ಹೊರಹೋಗುತ್ತದೆ. ಮೂವತ್ತೈದು ನಲವತ್ತು ನಿಮಿಷಗಳಾದ ಮೇಲೆ, ಕೊನೆಯ ಮೂರು ನಾಲ್ಕು ನಿಮಿಷ ಮಾತ್ರ ಕೆಂಡದ ಮೇಲೆ ತಂದು ಬಣ್ಣ ಬರಿಸಿ. ಬೆಲ್ಲ, ಜೇನು ಅಥವಾ ಸಕ್ಕರೆಯಿರುವ ಮಸಾಲೆಯನ್ನು ಆಗಲೇ ಸವರಬೇಕು, ಮೊದಲೇ ಸವರಿದರೆ ಸುಟ್ಟು ಕಹಿಯಾಗುತ್ತದೆ. ಬೆಂದಿತೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಅಮೆರಿಕದ ಕೃಷಿ ಇಲಾಖೆಯ ಪ್ರಕಾರ ಕೋಳಿಮಾಂಸದ ಒಳಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೈಮಾ 160 ಡಿಗ್ರಿ ಫ್ಯಾರನ್‌ಹೀಟ್. ಕುರಿಮಾಂಸದ ಇಡೀ ತುಂಡುಗಳು 145 ಮುಟ್ಟಿದ ಮೇಲೆ ಮೂರು ನಿಮಿಷ ಹಾಗೆಯೇ ಇರಬೇಕು. ನನ್ನ ಐದು ಗ್ರಿಲ್‌ಗಳಲ್ಲಿ ಒಂದನ್ನು ಕಳೆದುಕೊಂಡರೂ ನಡೆದೀತು, ಆದರೆ ಅಂಗೈಯಗಲದ ಥರ್ಮಾಮೀಟರ್ ಇಲ್ಲದೆ ನಾನು ಚಿಕನ್ ಇಡುವುದಿಲ್ಲ.

ಪ್ರಶ್ನೆ: ಇದ್ದಿಲಿಗೆ ಸೀಮೆಎಣ್ಣೆಯಂಥ ದ್ರವ ಸುರಿದು ಹೊತ್ತಿಸುತ್ತೇವೆ. ಊಟದಲ್ಲೂ ಅದೇ ವಾಸನೆ. ಯಾವ ಇದ್ದಿಲು ಒಳ್ಳೆಯದು? (ಆಸ್ಟಿನ್‌ನ ಓದುಗರು)

ಉತ್ತರ: ಆ ದ್ರವವನ್ನು ಇಂದೇ ಬಿಟ್ಟುಬಿಡಿ. ಚಿಮ್ನಿ ಎಂಬ ಉದ್ದನೆಯ ತಗಡಿನ ಡಬ್ಬ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅದರ ಕೆಳಗೆ ಎರಡು ಹಾಳೆ ಹಳೆಯ ಪತ್ರಿಕೆ, ಮೇಲೆ ಇದ್ದಿಲು ತುಂಬಿ ಕೆಳಗಿನಿಂದ ಕಡ್ಡಿ ಗೀರಿದರೆ, ಬಿಸಿಗಾಳಿ ಮೇಲೇರುವ ಸೆಳೆತಕ್ಕೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಇದ್ದಿಲಿನ ಅಂಚಿಗೆ ಬಿಳಿ ಬೂದಿ ಮೂಡುತ್ತದೆ. ಆಗಲೇ ಅದನ್ನು ಗ್ರಿಲ್‌ಗೆ ಸುರಿಯಬೇಕು.

ಇದ್ದಿಲಿನಲ್ಲಿ ಎರಡು ಜಾತಿ. ದಿಂಬಿನ ಆಕಾರದ ಬ್ರಿಕೆಟ್‌ಗೆ 1897ರಲ್ಲಿ ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವೊಯರ್ ಪೇಟೆಂಟ್ ಪಡೆದರು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಅವರ ಕಂಪನಿ ಮಿಷಿಗನ್‌ನಲ್ಲಿ, ಕಾರಿನ ಮರದ ಭಾಗಗಳನ್ನು ಕೊಯ್ದು ಉಳಿದ ಚೂರುಗಳಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿತು. ಇಂದು ಕಿಂಗ್ಸ್‌ಫೋರ್ಡ್ ಎಂಬ ಹೆಸರಿನಲ್ಲಿ ಸಿಗುವುದು ಅದರ ಮುಂದುವರಿಕೆಯೇ. ಬ್ರಿಕೆಟ್ ಸಮನಾಗಿ, ದೀರ್ಘವಾಗಿ ಉರಿಯುತ್ತದೆ, ಬೂದಿ ಹೆಚ್ಚು. ಮರದ ತುಂಡುಗಳನ್ನು ಸುಟ್ಟು ಮಾಡಿದ ಗಟ್ಟಿ ಇದ್ದಿಲು ಬೇಗ ಹೊತ್ತಿ ಹೆಚ್ಚು ಕಾವು ಕೊಡುತ್ತದೆ, ಬೂದಿ ಕಡಿಮೆ. ಕೆಟಲ್‌ಗೆ ಎರಡೂ ಸರಿ. ಕಮಾಡೊಗೆ ಗಟ್ಟಿ ಇದ್ದಿಲನ್ನೇ ಹಾಕಬೇಕು, ಬ್ರಿಕೆಟ್‌ನ ಬೂದಿ ಅದರ ಕಿಂಡಿಗಳನ್ನು ಮುಚ್ಚಿಬಿಡುತ್ತದೆ.

ನಿಮ್ಮ ಊರಿನಲ್ಲಿ ಹೇರಳವಾಗಿ ಸಿಗುವ ಮೆಸ್ಕೀಟ್ ಮರದ ಬಗ್ಗೆ ಒಂದು ಮಾತು. ಅದರ ಗರಿಯಂಥ ಎಲೆಯನ್ನೂ ಮುಳ್ಳನ್ನೂ ಹಳದಿ ಕಾಯನ್ನೂ ಮೊದಲ ಸಲ ಕಂಡಾಗ, ಇದು ಎಲ್ಲೋ ನೋಡಿದ ಮರವೆಂದು ನನಗೆ ಅನಿಸಿತ್ತು. ಆಮೇಲೆ ತಿಳಿಯಿತು, ನಮ್ಮ ಬಳ್ಳಾರಿ ಜಾಲಿ ಇದರ ಹತ್ತಿರದ ಬಂಧು. ಅಮೆರಿಕ ಖಂಡದಿಂದಲೇ ನಮ್ಮ ನೆಲಕ್ಕೆ ಬಂದು ಬಯಲುಸೀಮೆಯನ್ನೆಲ್ಲ ಆವರಿಸಿದ ಗಿಡವದು. ಬಳ್ಳಾರಿ, ರಾಯಚೂರು ಕಡೆಯ ಇದ್ದಿಲಿನ ಭಟ್ಟಿಗಳಲ್ಲಿ ಬೆಂದ ಮರವೂ, ಟೆಕ್ಸಸ್‌ನ ಗ್ರಿಲ್‌ಗಳಲ್ಲಿ ಬೇಯುವ ಮರವೂ ಒಂದೇ ಬಳಗದವು. ಮೆಸ್ಕೀಟ್‌ನ ಹೊಗೆ ಖಾರವಾದದ್ದು, ಬೇಗ ಬೇಯುವ ಅಡುಗೆಗೆ ಹೊಂದುತ್ತದೆ. ಗಂಟೆಗಟ್ಟಲೆ ಹೊಗೆಯಲ್ಲಿಡುವ ಅಡುಗೆಗೆ ಓಕ್ ಅಥವಾ ಪೆಕಾನ್ ಸೌಮ್ಯ. ಪೈನ್‌ನಂಥ ಅಂಟಿನ ಮರವನ್ನೂ, ಬಣ್ಣ ಅಥವಾ ಔಷಧ ಹಚ್ಚಿದ ಹಲಗೆಯನ್ನೂ ಎಂದಿಗೂ ಉರಿಸಬಾರದು.

ಪ್ರಶ್ನೆ: ಅಮ್ಮ ಬಚ್ಚಲ ಒಲೆಯಲ್ಲಿ ಸುಡುತ್ತಿದ್ದ ಬದನೆಕಾಯಿಯ ರುಚಿ ನನಗೆ ಗ್ಯಾಸ್ ಗ್ರಿಲ್‌ನಲ್ಲಿ ಸಿಗುತ್ತಿಲ್ಲ. ಇಲ್ಲಿ ಅದು ಸಾಧ್ಯವೇ ಇಲ್ಲವೆ? (ಮಿನಿಯಾಪೊಲಿಸ್‌ನಲ್ಲಿರುವ, ತೀರ್ಥಹಳ್ಳಿ ಮೂಲದ ಓದುಗರು)

ಉತ್ತರ: ಖಂಡಿತ ಸಾಧ್ಯ, ಮತ್ತು ಈ ಪತ್ರವನ್ನು ಓದಿದ ದಿನವೇ ನಾನು ಮತ್ತೊಮ್ಮೆ ಸುಟ್ಟು ನೋಡಿ ಈ ಉತ್ತರ ಬರೆಯುತ್ತಿದ್ದೇನೆ. ನಿಮಗೆ ಬೇಕಾದ ರುಚಿಯ ಗುಟ್ಟು ಕಂಬಿಯ ಮೇಲಿಲ್ಲ, ಕಂಬಿಯ ಕೆಳಗಿದೆ. ಬಚ್ಚಲ ಒಲೆಗೆ ಕಂಬಿಯೇ ಇರಲಿಲ್ಲ. ಸ್ನಾನದ ನೀರು ಕಾದ ಮೇಲೆ ಉರಿ ತಗ್ಗಿಸಿ, ಉಳಿದ ಕೆಂಡವನ್ನು ಎಳೆದು, ಬದನೆಕಾಯಿಯನ್ನು ಅದರೊಳಗೇ ಹುದುಗಿಸುತ್ತಿದ್ದರು. ಸಿಪ್ಪೆ ಕರಿಯಾಗಿ ಸುಡುವಾಗ ಹುಟ್ಟಿದ ಹೊಗೆಯ ಗಂಧ, ಒಳಗಿನ ತಿರುಳು ತನ್ನ ಆವಿಯಲ್ಲಿ ತಾನೇ ಬೇಯುವ ಹೊತ್ತಿನಲ್ಲಿ ಅದಕ್ಕೆ ಇಳಿಯುತ್ತಿತ್ತು.

ಕೆಟಲ್‌ನಲ್ಲಿ ಕಂಬಿಯನ್ನು ತೆಗೆದಿಟ್ಟುಬಿಡಿ. ಗಟ್ಟಿ ಮರದ ಇದ್ದಿಲನ್ನೇ ಬಳಸಿ, ಬ್ರಿಕೆಟ್ ಇಲ್ಲಿ ಬೇಡ. ಕೆಂಡ ಪೂರ್ತಿ ಬೆಳ್ಳಗಾದ ಮೇಲೆ ಒಂದು ರಟ್ಟಿನಿಂದ ಬೀಸಿ ಮೇಲಿನ ಬೂದಿಯನ್ನು ಹಾರಿಸಿ, ದೊಡ್ಡ ಗುಂಡು ಬದನೆಯನ್ನು ನಾಲ್ಕೈದು ಕಡೆ ಚುಚ್ಚಿ ನೇರವಾಗಿ ಕೆಂಡದ ಮೇಲೆ ಇಡಿ. ಚುಚ್ಚದಿದ್ದರೆ ಆವಿ ತುಂಬಿ ಸಿಡಿಯುತ್ತದೆ. ಐದೈದು ನಿಮಿಷಕ್ಕೆ ಹೊರಳಿಸುತ್ತ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಟ್ಟರೆ ಅದು ಕುಸಿದು ಮೆತ್ತಗಾಗುತ್ತದೆ. ಕೊನೆಯ ಎರಡು ನಿಮಿಷ ಪಕ್ಕದಲ್ಲಿ ನಾಲ್ಕು ಹಸಿಮೆಣಸಿನಕಾಯಿಗಳನ್ನೂ ಸುಟ್ಟುಕೊಳ್ಳಿ. ಬದನೆಕಾಯಿಯನ್ನು ಮುಚ್ಚಿದ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು, ಕೈಯಿಂದಲೇ ಸಿಪ್ಪೆ ಬಿಡಿಸಿ. ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ನೀವು ಹುಡುಕುತ್ತಿರುವ ರುಚಿ ನೀರಿನೊಡನೆ ಹರಿದುಹೋಗುತ್ತದೆ. ಸುಟ್ಟ ಮೆಣಸನ್ನು ಉಪ್ಪು ಮತ್ತು ಹುಣಸೆರಸದೊಡನೆ ಕಿವುಚಿ, ತಿರುಳು, ಹಸಿ ಈರುಳ್ಳಿ ಸೇರಿಸಿ, ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಹಾಕಿ. ನಿಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಅದೇ ಕೆಂಡ ಆರುತ್ತ ಬಂದಾಗ ಗೆಣಸನ್ನು ಬೂದಿಯಲ್ಲಿ ಮುಚ್ಚಿಡಿ. ಹಲಸಿನ ಬೀಜ ಸಿಕ್ಕಿದರೆ ಸಿಪ್ಪೆಗೆ ಚಾಕುವಿನಿಂದ ಒಂದು ಗೀರು ಹಾಕಿಯೇ ಸುಡಿ, ಇಲ್ಲವಾದರೆ ಪಟಾಕಿಯಂತೆ ಸಿಡಿದು ಕೆಂಡವನ್ನು ಚೆಲ್ಲುತ್ತವೆ. ಉತ್ತರ ಕರ್ನಾಟಕದ ಓದುಗರು ಈಗಾಗಲೇ ಸೀತನಿಯನ್ನು ನೆನೆದಿರಬೇಕು. ಹಾಲುಗಾಳಿನ ಜೋಳದ ತೆನೆಯನ್ನು ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಬಿಸಿಯಿರುವಾಗಲೇ ಬಡಿದು ಉದುರಿಸಿ, ಶೇಂಗಾ ಚಟ್ನಿ, ಬೆಲ್ಲದೊಡನೆ ತಿನ್ನುವ ಆ ಸುಖಕ್ಕೆ ಇಲ್ಲಿನ ಮೆಕ್ಕೆಜೋಳ ಸಾಟಿಯಲ್ಲ. ಆದರೆ ಕೆಂಡದ ಕೆಲಸ ಎರಡೂ ಕಡೆ ಒಂದೇ. ನನ್ನ ಸಂಗ್ರಹದಲ್ಲಿ ಅತಿ ಚಿಕ್ಕದಾದ ಜಪಾನೀ ಒಲೆಯನ್ನು ನಾನು ಇಂಥ ಸಣ್ಣ ಸುಡುವಿಕೆಗಳಿಗೆಂದೇ ಇಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ಅದನ್ನು ಹಿಬಾಚಿ ಎನ್ನುತ್ತಾರೆ. ಜಪಾನಿನಲ್ಲಿ ಹಿಬಾಚಿ ಎಂದರೆ ಕೋಣೆ ಬೆಚ್ಚಗಿಡುವ ಅಗ್ಗಿಷ್ಟಿಕೆ, ಅಡುಗೆಯ ಒಲೆಗೆ ಶಿಚಿರಿನ್ ಎಂದು ಹೆಸರು. ಹಿಡಿಯಷ್ಟು ಇದ್ದಿಲು, ಇಬ್ಬರು ಕುಳಿತುಕೊಳ್ಳುವ ಮಣೆ, ನಾಲ್ಕು ಹಪ್ಪಳ. ಮಳೆ ನಿಂತ ಸಂಜೆಗೆ ಅಷ್ಟು ಸಾಕಾಗುತ್ತದೆ.

ಪ್ರಶ್ನೆ: ಹಳೆಯ ಗ್ರಿಲ್‌ಗಳನ್ನು ಕೊಳ್ಳುವುದು ಜಾಣತನವೆ? ಏನನ್ನು ನೋಡಿ ಕೊಳ್ಳಬೇಕು? (ಕೊಲಂಬಸ್‌ನ ಓದುಗರು)

ಉತ್ತರ: ನನ್ನ ಐದರಲ್ಲಿ ಮೂರು ಹಳೆಯವೇ, ಮತ್ತು ಹೊಸದು ತಂದಾಗ ಆಗದ ಸಂತೋಷ ಆ ಮೂರನ್ನು ತಂದಾಗ ಆಗಿದೆ. ಗ್ಯಾರೇಜ್ ಮಾರಾಟಗಳಲ್ಲಿ, ಮನೆ ಖಾಲಿ ಮಾಡುವವರಲ್ಲಿ ಒಳ್ಳೆಯ ಕೆಟಲ್‌ಗಳು ಅಲ್ಪ ಬೆಲೆಗೆ ಸಿಗುತ್ತವೆ. ಅದರ ಮೈಮೇಲಿನ ಹೊಳಪು ಬಣ್ಣವಲ್ಲ, ಉಕ್ಕಿಗೆ ಹಚ್ಚಿ ಭಟ್ಟಿಯಲ್ಲಿ ಬೇಯಿಸಿದ ಗಾಜಿನಂಥ ಎನಾಮೆಲ್. ಅದು ಎಲ್ಲಿ ಚಕ್ಕೆ ಎದ್ದಿದೆಯೋ ಅಲ್ಲಿಂದ ತುಕ್ಕು ಆರಂಭವಾಗುತ್ತದೆ. ಬೋಗುಣಿಯ ತಳವನ್ನು, ಕಾಲುಗಳು ಸೇರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಮುಚ್ಚಳ ಸುತ್ತಲೂ ಸರಿಯಾಗಿ ಕುಳಿತುಕೊಳ್ಳಬೇಕು. ಕಂಬಿ ತುಕ್ಕು ಹಿಡಿದಿದ್ದರೆ ಚಿಂತೆ ಬೇಡ, ಅದನ್ನು ಬದಲಿಸಬಹುದು. ವೆಬರ್ ಕೆಟಲ್‌ಗಳ ಮುಚ್ಚಳದ ಕಿಂಡಿಯ ಮೇಲೆ ಸಣ್ಣದೊಂದು ಅಕ್ಷರ ಕೊರೆದಿರುತ್ತದೆ. ತಯಾರಾದ ವರ್ಷವನ್ನು ಅದರಿಂದ ತಿಳಿಯಬಹುದು, ಸಂಗ್ರಾಹಕರು ಮೊದಲು ಬಾಗಿ ನೋಡುವುದು ಅದನ್ನೇ. ನನ್ನ ಕೆಂಪು ಕೆಟಲ್ ಮಾರಿದ ವೃದ್ಧೆ, ತಮ್ಮ ಪತಿ ನಲವತ್ತು ಬೇಸಿಗೆ ಅದರ ಮುಂದೆ ನಿಂತಿದ್ದರೆಂದು ಹೇಳಿ, ಅವರ ಇಕ್ಕಳವನ್ನೂ ಹಣ ಪಡೆಯದೆ ನನ್ನ ಕೈಗಿಟ್ಟರು. ಆ ಇಕ್ಕಳ ಈಗಲೂ ನನ್ನ ಬಳಕೆಯಲ್ಲಿದೆ.

ಹಳೆಯ ಗ್ಯಾಸ್ ಗ್ರಿಲ್ ವಿಷಯದಲ್ಲಿ ಮಾತ್ರ ನಾನು ಹಿಂಜರಿಯುತ್ತೇನೆ. ಕೊಂಡರೆ ಕೊಳವೆಯನ್ನೂ ರೆಗ್ಯುಲೇಟರನ್ನೂ ಹೊಸದಾಗಿ ಹಾಕಿಸಿ, ಜೋಡಣೆಗಳ ಮೇಲೆ ಸಾಬೂನಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸಿ.

ಪ್ರಶ್ನೆ: ನಾವು ಮೂರನೆಯ ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಬಾಲ್ಕನಿಯಲ್ಲಿ ಚಿಕ್ಕ ಇದ್ದಿಲಿನ ಗ್ರಿಲ್ ಇಡಬಹುದೆ? (ಸಿಯಾಟಲ್‌ನ ಓದುಗರು)

ಉತ್ತರ: ಬೇಡ. ಅಮೆರಿಕದ ಬಹುಪಾಲು ಊರುಗಳು ಅನುಸರಿಸುವ ಅಗ್ನಿಸುರಕ್ಷಾ ಸಂಹಿತೆಯು ಅಪಾರ್ಟ್‌ಮೆಂಟ್‌ಗಳಲ್ಲಿ, ಉರಿಯಬಲ್ಲ ಸಾಮಗ್ರಿಯ ಬಾಲ್ಕನಿಯ ಮೇಲೆ ಅಥವಾ ಅಂಥ ಕಟ್ಟಡದಿಂದ ಹತ್ತು ಅಡಿಯೊಳಗೆ ಇದ್ದಿಲಿನ ಗ್ರಿಲ್ ಉರಿಸಲು ಒಪ್ಪುವುದಿಲ್ಲ. ಸ್ಥಳೀಯ ನಿಯಮ ಮತ್ತು ಬಾಡಿಗೆಯ ಕರಾರನ್ನು ಓದಿ. ವಿದ್ಯುತ್ ಗ್ರಿಲ್‌ಗೆ ಅನುಮತಿ ಇರಬಹುದು. ಮಳೆಯೆಂದು ಗ್ಯಾರೇಜಿನೊಳಗೆ, ಚಳಿಯೆಂದು ಡೇರೆಯೊಳಗೆ ಇದ್ದಿಲು ಹೊತ್ತಿಸುವವರಿಗೂ ಇಲ್ಲಿಯೇ ಹೇಳುತ್ತೇನೆ: ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬಾಗಿಲು ತೆರೆದಿದ್ದರೂ ಅದು ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಸ್ವಂತ ಮನೆಗೆ ಕಾಂಕ್ರೀಟ್ ತಾರಸಿ ಇದೆ. ದುಬಾರಿ ಗ್ರಿಲ್ ಕೊಳ್ಳದೆ ಆರಂಭಿಸುವುದು ಹೇಗೆ? (ಜಯನಗರದ ಓದುಗರು)

ಉತ್ತರ: ಹುಬ್ಬಳ್ಳಿ ಕಡೆಯವರು ಶಿಗಡಿ ಎನ್ನುವ ಕಬ್ಬಿಣದ ಇದ್ದಿಲೊಲೆ ಮತ್ತು ಅದರ ಮೇಲೆ ಒಂದು ಗಟ್ಟಿ ಉಕ್ಕಿನ ಜಾಲರಿ ಇದ್ದರೆ ನೀವು ಆರಂಭಿಸಬಹುದು. ನಿಮಗಿರುವ ದೊಡ್ಡ ಅನುಕೂಲ ತೆಂಗಿನ ಚಿಪ್ಪಿನ ಇದ್ದಿಲು. ಸಾಂದ್ರವಾದದ್ದಾದ್ದರಿಂದ ಅದು ಹೆಚ್ಚು ಹೊತ್ತು, ಹೆಚ್ಚು ಕಾವಿನಿಂದ, ಕಡಿಮೆ ಹೊಗೆಯಲ್ಲಿ ಉರಿಯುತ್ತದೆ. ಪಕ್ಕದ ಮನೆಯವರ ಕಿಟಕಿ ಹತ್ತಿರವಿರುವ ನಗರದಲ್ಲಿ ಇದು ಸಣ್ಣ ವಿಷಯವಲ್ಲ. ಹೊತ್ತಿಕೊಳ್ಳಲು ಸ್ವಲ್ಪ ತಡವಾಗುತ್ತದೆ, ತಾಳ್ಮೆಯಿರಲಿ. ತಾರಸಿಯ ನೆಲಕ್ಕೆ ಇಟ್ಟಿಗೆ ಹಾಸಿ ಅದರ ಮೇಲೆ ಒಲೆ ಇಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ, ನೀರಿನ ಟ್ಯಾಂಕಿನ ಪ್ಲಾಸ್ಟಿಕ್ ಕೊಳವೆಗಳಿಂದ ದೂರವಿರಲಿ. ಆರು ತಿಂಗಳು ಇದರಲ್ಲೇ ಬೇಯಿಸಿ. ಮುಚ್ಚಳ ಬೇಕೆಂದು ನಿಮ್ಮ ಕೈಗಳೇ ಕೇಳತೊಡಗಿದಾಗ ಕೆಟಲ್ ಕೊಳ್ಳಿ.

ಪ್ರಶ್ನೆ: ಇಷ್ಟು ಗ್ರಿಲ್‌ಗಳನ್ನು ಸ್ವಚ್ಛವಾಗಿಡುವುದು ಹೇಗೆ? ಅದೊಂದು ಹೆದರಿಕೆ ನನ್ನನ್ನು ತಡೆಯುತ್ತಿದೆ. (ರಾಲಿಯ ಓದುಗರು)

ಉತ್ತರ: ಬಿಸಿ ಇರುವಾಗಲೇ ಉಜ್ಜಿದರೆ ಒಂದೊಂದಕ್ಕೆ ಎರಡು ನಿಮಿಷ ಸಾಕು. ತಂತಿಯ ಬ್ರಷ್ ಬಳಸಬೇಡಿ. ಅದರ ಎಳೆ ಮುರಿದು ಕಂಬಿಗೆ ಅಂಟಿ, ಊಟದೊಡನೆ ಗಂಟಲಿಗೂ ಕರುಳಿಗೂ ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ಪ್ರಕಟಿಸಿ ಎಚ್ಚರಿಸಿದೆ. ಅರ್ಧ ಈರುಳ್ಳಿಯನ್ನು ಉದ್ದನೆಯ ಮುಳ್ಳುಚಮಚಕ್ಕೆ ಸಿಕ್ಕಿಸಿ ಉಜ್ಜಿ, ನಮ್ಮಲ್ಲಿ ದೋಸೆಯ ಕಾವಲಿಗೆ ಮಾಡುವ ಹಾಗೆಯೇ. ಎರಕದ ಕಬ್ಬಿಣದ ಕಂಬಿಗೆ ಆಮೇಲೆ ತೆಳುವಾಗಿ ಎಣ್ಣೆ ಸವರಿ. ಗ್ಯಾಸ್ ಗ್ರಿಲ್‌ನ ಕೆಳಗಿನ ಕೊಬ್ಬಿನ ತಟ್ಟೆಯನ್ನು ತಿಂಗಳಿಗೊಮ್ಮೆ ಖಾಲಿ ಮಾಡಿ, ಬೆಂಕಿ ಹತ್ತಿಕೊಳ್ಳುವುದು ಅಲ್ಲಿಂದಲೇ. ಬೂದಿಯ ವಿಷಯದಲ್ಲಿ ಮಾತ್ರ ಆತುರ ಬೇಡ: ತಣ್ಣಗೆ ಕಂಡ ಬೂದಿಯೊಳಗೆ ಒಂದು ದಿನ ಕಳೆದರೂ ಜೀವಂತ ಕೆಂಡವಿರುತ್ತದೆ. ಅದನ್ನು ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ ಎರಡು ದಿನ ಇಟ್ಟು ಆಮೇಲೆ ಎಸೆಯಿರಿ. ಶುದ್ಧ ಮರದ ಇದ್ದಿಲಿನ ಬೂದಿಯಾದರೆ ಎಸೆಯುವುದೂ ಬೇಡ. ಹಿಡಿಯಷ್ಟನ್ನು ನಮ್ಮ ಹಿತ್ತಲಿನ ಬದನೆಗಿಡಗಳ ಬುಡಕ್ಕೆ ಉದುರಿಸುತ್ತೇನೆ, ಆ ಗಿಡಗಳ ಕಾಯಿಗಳನ್ನೇ ಆಗಸ್ಟ್‌ನಲ್ಲಿ ಅದೇ ಕೆಟಲ್‌ನ ಕೆಂಡದಲ್ಲಿ ಸುಡುತ್ತೇನೆ.